ಸೋಂಕಿನ ಹೆಜ್ಜೆಗುರುತು: ಆಸ್ಪತ್ರೆಯ ಕಂಪ್ಯೂಟರಿಗೆ ಕಾಣುವುದೇನು?

ಐಸಿಯುನಲ್ಲಿರುವ ಒಬ್ಬ ರೋಗಿಯ ದಾಖಲೆಯಿಂದ ನಾಲ್ಕು ಸಾಲು ತೆಗೆದುಕೊಳ್ಳೋಣ. ರೋಗಿ ಕಲ್ಪಿತ, ಆದರೆ ಇಂಥ ಸಾಲುಗಳು ಯಾವ ಐಸಿಯುನಲ್ಲಿ ಹುಡುಕಿದರೂ ಸಿಗುತ್ತವೆ.

ದಾಖಲಾದ 6ನೇ ದಿನ, ರಾತ್ರಿ 2:10: ಜ್ವರ 38.6 ಡಿಗ್ರಿ ಸೆಲ್ಸಿಯಸ್. 2:35: ಬ್ಲಡ್ ಕಲ್ಚರ್‌ಗೆ, ಅಂದರೆ ರಕ್ತದಲ್ಲಿ ಬ್ಯಾಕ್ಟೀರಿಯಾ ಬೆಳೆಯುತ್ತದೆಯೇ ಎಂದು ನೋಡುವ ಪರೀಕ್ಷೆಗೆ, ಎರಡು ಕೈಯಿಂದಲೂ ರಕ್ತ ತೆಗೆದಿದೆ. 3:05: ವ್ಯಾಂಕೊಮೈಸಿನ್ ಎಂಬ ಆಂಟಿಬಯೋಟಿಕ್ ಶುರು. ಮರುದಿನ ಸಂಜೆ ಲ್ಯಾಬ್ ರಿಪೋರ್ಟ್: ಒಂದು ಸ್ಯಾಂಪಲ್‌ನಲ್ಲಿ ಚರ್ಮದ ಮೇಲೆ ಎಲ್ಲರಿಗೂ ಇರುವ ಜಾತಿಯ ಸ್ಟ್ಯಾಫಿಲೊಕಾಕಸ್ ಬೆಳೆದಿದೆ, ಇನ್ನೊಂದರಲ್ಲಿ ಏನೂ ಇಲ್ಲ.

ರೋಗಿಯ ಕತ್ತಿನಲ್ಲಿ 2ನೇ ದಿನದಿಂದ ಸೆಂಟ್ರಲ್ ಲೈನ್ ಇದೆ, ಅಂದರೆ ಹೃದಯದ ಹತ್ತಿರದ ದೊಡ್ಡ ರಕ್ತನಾಳದವರೆಗೆ ಹೋಗುವ ಸಣ್ಣ ಕೊಳವೆ. ಹಾಗಾದರೆ ಈ ಜ್ವರ ಆಸ್ಪತ್ರೆಯೇ ಅಂಟಿಸಿದ್ದೇ?

ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಸಿಡಿಸಿಯ ನಿಯಮ ಕೇಳಿದರೆ, ಅಲ್ಲ. ಲೈನ್ ಹಾಕಿ ಎರಡು ದಿನ ದಾಟಿರಬೇಕು, ದಾಟಿದೆ. ಜ್ವರವೋ ನಡುಕವೋ ಬಿಪಿ ಕುಸಿತವೋ ಇರಬೇಕು, ಜ್ವರ ಇದೆ. ಆದರೆ ಬೆಳೆದದ್ದು ಚರ್ಮದ ಬ್ಯಾಕ್ಟೀರಿಯಾ ಆಗಿದ್ದರೆ, ಬೇರೆಬೇರೆಯಾಗಿ ತೆಗೆದ ಎರಡು ಸ್ಯಾಂಪಲ್‌ನಲ್ಲಾದರೂ ಅದು ಸಿಗಬೇಕು. ಸೂಜಿ ಚುಚ್ಚುವಾಗ ಚರ್ಮದಿಂದ ನೇರವಾಗಿ ಬಾಟಲಿಗೆ ಹೋಗಿರಬಹುದಲ್ಲ, ಅದಕ್ಕೇ ಈ ಎಚ್ಚರ. ಬೆಳೆದದ್ದು ಅದೇ ಕುಲದ, ಆದರೆ ರೋಗಕಾರಕವೆಂದೇ ಎಣಿಸುವ ಸ್ಟ್ಯಾಫಿಲೊಕಾಕಸ್ ಆರಿಯಸ್ ಆಗಿದ್ದರೆ ಒಂದೇ ಸ್ಯಾಂಪಲ್ ಸಾಕಿತ್ತು. ಅದು ಶ್ವಾಸಕೋಶ, ಮೂತ್ರಕೋಶ ಅಥವಾ ಯಾವುದೋ ಗಾಯದಿಂದ ರಕ್ತಕ್ಕೆ ಇಳಿದದ್ದಲ್ಲ ಎಂದಾದರೆ. ತಗಾದೆ ಇರುವುದೆಲ್ಲ ಈ ‘ಎಂದಾದರೆ’ಯಲ್ಲಿ.

ಇದು ಬರೀ ಪಾರಿಭಾಷಿಕ ಜಗಳವಲ್ಲ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಹೊರತಂದ ವರದಿಯ ಪ್ರಕಾರ, ಅಲ್ಪಾವಧಿಯ ಚಿಕಿತ್ಸೆಗೆಂದು ಆಸ್ಪತ್ರೆ ಸೇರುವ ಪ್ರತಿ 100 ರೋಗಿಗಳಲ್ಲಿ ಶ್ರೀಮಂತ ದೇಶಗಳಲ್ಲಿ 7 ಮಂದಿಗೆ, ಕಡಿಮೆ ಮತ್ತು ಮಧ್ಯಮ ಆದಾಯದ ದೇಶಗಳಲ್ಲಿ 15 ಮಂದಿಗೆ ಅಲ್ಲಿದ್ದಾಗಲೇ ಒಂದಾದರೂ ಸೋಂಕು ತಗಲುತ್ತದೆ. ಹಾಗೆ ತಗಲಿದ ಹತ್ತರಲ್ಲಿ ಒಬ್ಬರು ಸಾಯುತ್ತಾರೆ. ಇಷ್ಟು ದೊಡ್ಡ ಸಂಗತಿಯನ್ನು ಎಣಿಸುವ ಕೆಲಸ ದಶಕಗಳ ಕಾಲ ನಡೆದದ್ದು ಕೇಸ್ ಶೀಟುಗಳನ್ನು ಒಂದೊಂದಾಗಿ ತಿರುವಿಹಾಕುತ್ತ ಕೂರುವ ಸೋಂಕು ನಿಯಂತ್ರಣ ನರ್ಸುಗಳಿಂದ. ಆ ಕೆಲಸಕ್ಕೆ ಬೆಲೆಯೂ ಇತ್ತು. ಅಮೆರಿಕದಲ್ಲಿ 70ರ ದಶಕದಲ್ಲಿ ಶುರುವಾದ ‘ಸೆನಿಕ್’ ಎಂಬ ಭಾರೀ ಅಧ್ಯಯನದ ಫಲಿತಾಂಶ 1985ರಲ್ಲಿ ಬಂದಾಗ, ಸೋಂಕನ್ನು ಕ್ರಮವಾಗಿ ಎಣಿಸಿ, ಎಣಿಕೆಯನ್ನು ವೈದ್ಯರ ಮುಂದಿಟ್ಟು, ತಡೆಯುವ ಕೆಲಸವನ್ನೂ ಗಟ್ಟಿಯಾಗಿ ಮಾಡಿದ ಆಸ್ಪತ್ರೆಗಳಲ್ಲಿ ಸೋಂಕು 32 ಶೇಕಡಾ ಇಳಿದದ್ದು ಗೊತ್ತಾಯಿತು. ಆ ಕಾರ್ಯಕ್ರಮದ ಒಂದು ಷರತ್ತು 250 ಹಾಸಿಗೆಗೆ ಒಬ್ಬ ಸೋಂಕು ನಿಯಂತ್ರಣ ನರ್ಸ್ ಇರಬೇಕೆಂಬುದು.

ಈಗ ಕೇಸ್ ಶೀಟ್ ಪರದೆಯ ಮೇಲಿದೆ. ಜ್ವರ, ಕಲ್ಚರ್, ಔಷಧಿ, ಯಾವ ಹಾಸಿಗೆಯಿಂದ ಯಾವ ಹಾಸಿಗೆಗೆ ಹೋದರು, ಎಲ್ಲಕ್ಕೂ ಗಂಟೆ ನಿಮಿಷದ ಮುದ್ರೆ ಬಿದ್ದಿರುತ್ತದೆ. ಇನ್ನು ಎಣಿಕೆಯನ್ನು ಕಂಪ್ಯೂಟರಿಗೇ ಬಿಡಬಹುದಲ್ಲ ಎಂದು ಯಾರಿಗಾದರೂ ಅನ್ನಿಸುತ್ತದೆ. ಬಿಡಬಹುದು. ಆದರೆ ಕಂಪ್ಯೂಟರಿನ ಕಣ್ಣಿಗೆ ಬ್ಯಾಕ್ಟೀರಿಯಾ ಬೀಳುವುದಿಲ್ಲ. ಅದಕ್ಕೆ ಕಾಣುವುದು ವೈದ್ಯರಿಗೂ ನರ್ಸಿಗೂ ಅನುಮಾನ ಬಂದಾಗ ಅವರು ಏನೇನು ಮಾಡಿದರೋ ಅದರ ಹೆಜ್ಜೆಗುರುತು: ರಕ್ತ ಕಳಿಸಿದ್ದು, ಆಂಟಿಬಯೋಟಿಕ್ ಬರೆದದ್ದು, ಸ್ಕ್ಯಾನ್‌ಗೆ ಒಯ್ದದ್ದು. ಅನುಮಾನವೇ ಬರದಿದ್ದರೆ ಗುರುತೂ ಇಲ್ಲ. ಆಸ್ಪತ್ರೆ ಸೋಂಕನ್ನು ಡೇಟಾದಿಂದ ಹಿಡಿಯುತ್ತೇವೆ ಎನ್ನುವ ಯಾವುದೇ ಯೋಜನೆಯ ಬಲವನ್ನೂ ದೌರ್ಬಲ್ಯವನ್ನೂ ಅಳೆಯಲು ನಾನು ಮೊದಲು ನೋಡುವುದು ಇದನ್ನೇ: ಈ ಯಂತ್ರ ಯಾರ ಅನುಮಾನವನ್ನು ಓದುತ್ತಿದೆ?

ಮೊದಲು ಬಲದ ವಿಷಯ. 2010ರಲ್ಲಿ ‘ಜಾಮಾ’ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ಅಮೆರಿಕದ 4 ವೈದ್ಯಕೀಯ ಕೇಂದ್ರಗಳ 20 ಐಸಿಯುಗಳಲ್ಲಿ ಸೆಂಟ್ರಲ್ ಲೈನ್‌ನಿಂದ ರಕ್ತಕ್ಕೆ ತಗಲಿದ ಸೋಂಕನ್ನು ಎರಡು ರೀತಿ ಎಣಿಸಿದರು. ಒಂದು ಎಂದಿನಂತೆ ನರ್ಸುಗಳ ಎಣಿಕೆ. ಇನ್ನೊಂದು, ಎಲ್ಲ ಕಡೆಗೂ ಒಂದೇ ಸೂತ್ರ ಹಾಕಿದ ಕಂಪ್ಯೂಟರಿನದು. ಎರಡಕ್ಕೂ ತಾಳೆಯೇ ಆಗಲಿಲ್ಲ. ನರ್ಸುಗಳ ಎಣಿಕೆಯಲ್ಲಿ ಎಲ್ಲರಿಗಿಂತ ಕಡಿಮೆ ಸೋಂಕಿದ್ದ ಕೇಂದ್ರದಲ್ಲಿ 1,000 ಲೈನ್ ದಿನಗಳಿಗೆ (ಒಬ್ಬ ರೋಗಿಗೆ ಒಂದು ದಿನ ಲೈನ್ ಇದ್ದರೆ ಒಂದು ಲೈನ್ ದಿನ) 2.4 ಸೋಂಕು ಇತ್ತು. ಅದೇ ಕೇಂದ್ರವನ್ನು ಕಂಪ್ಯೂಟರ್ ಎಣಿಸಿದಾಗ 12.6 ಬಂತು, ನಾಲ್ಕರಲ್ಲೂ ಅತಿ ಹೆಚ್ಚು. ತರಗತಿಯಲ್ಲಿ ಮೊದಲ ಸ್ಥಾನದಲ್ಲಿದ್ದವರು ಕೊನೆಗೆ ಹೋದರು.

ಇದನ್ನು ಓದಿ ಆ ಕೇಂದ್ರದವರು ಸುಳ್ಳು ಲೆಕ್ಕ ಕೊಟ್ಟರು ಎನ್ನುವುದು ದುಡುಕು. ಮತ್ತೆ ಆ ‘ಎಂದಾದರೆ’ಗೆ ಬನ್ನಿ. ಬ್ಯಾಕ್ಟೀರಿಯಾ ಲೈನ್‌ನಿಂದ ಬಂತೋ ಶ್ವಾಸಕೋಶದಿಂದ ಬಂತೋ ಎಂಬುದನ್ನು ಒಬ್ಬ ನರ್ಸ್ ಎಕ್ಸ್-ರೇ, ಕಫದ ರಿಪೋರ್ಟು, ವೈದ್ಯರ ಟಿಪ್ಪಣಿ ಎಲ್ಲ ನೋಡಿ ತೀರ್ಮಾನಿಸಬೇಕು. ಒಬ್ಬರು ಕಟ್ಟುನಿಟ್ಟು, ಇನ್ನೊಬ್ಬರು ಸ್ವಲ್ಪ ಸಡಿಲ. ತಲೆ ಕೆಟ್ಟುಹೋಗುವಷ್ಟು ಕೇಸುಗಳ ನಡುವೆ, ಪಕ್ಕದಲ್ಲಿ ‘ಇದು ನ್ಯುಮೋನಿಯಾದಿಂದ ಬಂದದ್ದು ಬಿಡಿ’ ಎನ್ನುವ ಹಿರಿಯ ಡಾಕ್ಟರ್ ನಿಂತಿದ್ದರೆ ತಕ್ಕಡಿ ಎತ್ತ ವಾಲೀತು ಎಂದು ಬಿಡಿಸಿ ಹೇಳಬೇಕಿಲ್ಲ. ಕಂಪ್ಯೂಟರಿಗೆ ಆ ಹಿರಿಯರ ಮುಲಾಜಿಲ್ಲ. ಅದು ಜಾಣತನದಿಂದ ಗೆದ್ದದ್ದಲ್ಲ. ಎಲ್ಲ ಕಡೆಯೂ ಒಂದೇ ಅಳತೆಗೋಲು ಹಿಡಿದದ್ದರಿಂದ ಗೆದ್ದಿತು. ಆ ಸೂತ್ರವೂ ಕೆಲವು ಕೇಸುಗಳನ್ನು ತಪ್ಪಾಗಿ ಎಣಿಸಿರುತ್ತದೆ. ಆದರೆ ಎಲ್ಲರ ಮನೆಯಲ್ಲೂ ಒಂದೇ ಬಗೆಯ ತಪ್ಪು. ಹೋಲಿಕೆಗೆ ಬೇಕಾದದ್ದು ಅಷ್ಟೇ.

ಹೀಗೆ ಅಳತೆ ಬದಲಾದಾಗ ಚಿತ್ರವೇ ತಲೆಕೆಳಗಾದ ಇನ್ನೊಂದು ಪ್ರಸಂಗ ಸೆಪ್ಸಿಸ್‌ನದು. ಸೋಂಕಿಗೆ ದೇಹ ತೋರುವ ಪ್ರತಿಕ್ರಿಯೆ ಹದ ತಪ್ಪಿ ಅಂಗಾಂಗಗಳೇ ಸೋಲುವ ಸ್ಥಿತಿ ಅದು. ಅಮೆರಿಕದಲ್ಲಿ ಸೆಪ್ಸಿಸ್ ವರ್ಷದಿಂದ ವರ್ಷಕ್ಕೆ ಏರುತ್ತಿದೆ ಎಂದು ಬಹಳ ಕಾಲ ನಂಬಲಾಗಿತ್ತು. ಆಧಾರ? ಇನ್ಶೂರೆನ್ಸ್ ಬಿಲ್ಲಿಗೆ ಹಾಕುವ ರೋಗದ ಕೋಡುಗಳು. 2017ರಲ್ಲಿ 409 ಆಸ್ಪತ್ರೆಗಳ 2009ರಿಂದ 2014ರವರೆಗಿನ ದಾಖಲೆಗಳನ್ನು ಹಿಡಿದು ಕೂತ ಸಂಶೋಧಕರು ಬಿಲ್ಲನ್ನು ಬದಿಗಿಟ್ಟು ರೋಗಿಯ ಡೇಟಾವನ್ನೇ ಕೇಳಿದರು: ಬ್ಲಡ್ ಕಲ್ಚರ್ ಕಳಿಸಿದ್ದಾರೆಯೇ, ಅದರ ಆಸುಪಾಸಿನಲ್ಲಿ ಶುರುವಾದ ಹೊಸ ಆಂಟಿಬಯೋಟಿಕ್ 4 ದಿನ ಸತತ ನಡೆದಿದೆಯೇ, ಬಿಪಿ ಎತ್ತುವ ಔಷಧಿ, ವೆಂಟಿಲೇಟರ್, ರಕ್ತದಲ್ಲಿ ಏರಿದ ಲ್ಯಾಕ್ಟೇಟ್ (ಅಂಗಗಳು ಸಂಕಷ್ಟದಲ್ಲಿರುವ ಸೂಚನೆ), ಕೆಟ್ಟ ಕಿಡ್ನಿ ರಿಪೋರ್ಟು ಇಂಥವುಗಳಲ್ಲಿ ಒಂದಾದರೂ ಜೊತೆಗಿದೆಯೇ? ಈ ಅಳತೆಯಲ್ಲಿ ಆಸ್ಪತ್ರೆ ಸೇರಿದ ವಯಸ್ಕರಲ್ಲಿ ಸುಮಾರು 6 ಶೇಕಡಾ ಮಂದಿಗೆ ಸೆಪ್ಸಿಸ್ ಇತ್ತು, ಆ ಆರು ವರ್ಷದಲ್ಲಿ ಪ್ರಮಾಣ ಹೆಚ್ಚುಕಡಿಮೆ ಇದ್ದಲ್ಲೇ ಇತ್ತು. ಅದೇ ರೋಗಿಗಳ ಬಿಲ್ ಕೋಡುಗಳು ಮಾತ್ರ ವರ್ಷಕ್ಕೆ 10.3 ಶೇಕಡಾದಂತೆ ಏರಿದ್ದವು. ಏರಿದ್ದು ರೋಗಕ್ಕಿಂತ ಹೆಚ್ಚಾಗಿ ಅದರ ಹೆಸರು ಬರೆಯುವ ರೂಢಿ. ಮರುವರ್ಷ ಸಿಡಿಸಿ ಈ ಸೂತ್ರವನ್ನೇ ಆಸ್ಪತ್ರೆಗಳ ಕೈಗೆ ಕೊಟ್ಟಿತು. ಆಸ್ಪತ್ರೆಗೆ ಬಂದ 3ನೇ ದಿನ ಅಥವಾ ಆಮೇಲೆ ಶುರುವಾದರೆ ಅದು ಆಸ್ಪತ್ರೆಯಲ್ಲಿ ಹುಟ್ಟಿದ ಸೆಪ್ಸಿಸ್ ಎಂದು ಲೆಕ್ಕ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಆಗಿಹೋದದ್ದನ್ನು ಎಣಿಸುವ ಕೆಲಸ. ಜನ ‘ಡೇಟಾದಿಂದ ಸೋಂಕು ಪತ್ತೆ’ ಎಂದಾಗ ಮನಸ್ಸಿನಲ್ಲಿ ಇಟ್ಟುಕೊಂಡಿರುವುದು ಬೇರೆಯದೇ: ರೋಗಿ ಕುಸಿಯುವ ಮೊದಲೇ ಪರದೆಯಲ್ಲಿ ಕೆಂಪು ದೀಪ ಹೊತ್ತಬೇಕು. ಎರಡೂ ಒಂದೇ ಡೇಟಾದಿಂದ ನಡೆಯುತ್ತವೆ, ಆದರೆ ಎಣಿಸುವುದಕ್ಕೆ ನೆರವಾಗುವ ಹೆಜ್ಜೆಗುರುತೇ ಮುನ್ಸೂಚನೆಗೆ ಉರುಳಾಗುತ್ತದೆ.

ಅಮೆರಿಕದ ನೂರಾರು ಆಸ್ಪತ್ರೆಗಳಲ್ಲಿ ಬಳಕೆಯಲ್ಲಿದ್ದ, ಎಪಿಕ್ ಎಂಬ ಕಂಪನಿಯ ಸೆಪ್ಸಿಸ್ ಮುನ್ಸೂಚನೆ ಮಾದರಿಯನ್ನು ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು ತಮ್ಮ ಆಸ್ಪತ್ರೆಯ 38,455 ದಾಖಲಾತಿಗಳ ಮೇಲೆ ಪರೀಕ್ಷಿಸಿ 2021ರಲ್ಲಿ ಫಲಿತಾಂಶ ಪ್ರಕಟಿಸಿದರು. ಸೆಪ್ಸಿಸ್ ಆದ 2,552 ದಾಖಲಾತಿಗಳಲ್ಲಿ 67 ಶೇಕಡಾ ಅದರ ಕಣ್ಣಿಗೆ ಬೀಳಲೇ ಇಲ್ಲ. ಹಾಗೆಂದು ಅದು ಬಾಯಿ ಮುಚ್ಚಿ ಕೂತಿತ್ತೇ ಎಂದರೆ ಅದೂ ಇಲ್ಲ. ಒಟ್ಟು ದಾಖಲಾತಿಗಳಲ್ಲಿ 18 ಶೇಕಡಾಕ್ಕೆ ಅಲರ್ಟ್ ಹೊಡೆದಿತ್ತು. ರಾತ್ರಿಪಾಳಿಯಲ್ಲಿ ಐದಾರು ರೋಗಿಗಳಿಗೊಬ್ಬರಂತೆ ಅಲರ್ಟ್ ಬರುತ್ತಿದ್ದರೆ ನರ್ಸ್ ಮೂರನೆಯ ದಿನಕ್ಕೆ ಅದನ್ನು ಫೋನಿನ ಜಾಹೀರಾತಿನಂತೆ ಒರೆಸಿಹಾಕಲು ಕಲಿತಿರುತ್ತಾರೆ.

ಅದೇ ವಿಶ್ವವಿದ್ಯಾಲಯದಿಂದ 2024ರಲ್ಲಿ ಬಂದ ಎರಡನೆಯ ಅಧ್ಯಯನ ನನ್ನ ಮಟ್ಟಿಗೆ ಇನ್ನೂ ಮುಖ್ಯ. ಮಾದರಿಯ ಮುಂದೆ ಇಬ್ಬರು ರೋಗಿಗಳನ್ನು ಇಡಿ, ಒಬ್ಬರಿಗೆ ಸೆಪ್ಸಿಸ್, ಇನ್ನೊಬ್ಬರಿಗಿಲ್ಲ. ಯಾರಿಗೆ ಹೆಚ್ಚು ಅಂಕ ಕೊಡುತ್ತದೆ? ನಾಣ್ಯ ಚಿಮ್ಮಿದರೂ 100ಕ್ಕೆ 50 ಸಲ ಸರಿಯಾಗುತ್ತದೆ. ಆಸ್ಪತ್ರೆಯಲ್ಲಿದ್ದಷ್ಟೂ ಹೊತ್ತಿನ ಅಂಕಗಳನ್ನು ಪರಿಗಣಿಸಿದರೆ ಮಾದರಿ 87 ಸಲ ಸರಿ. ಭೇಷ್ ಎನ್ನಬೇಕು. ಆದರೆ ಸೆಪ್ಸಿಸ್‌ನ ಲಕ್ಷಣಗಳು ಪೂರ್ತಿ ಕೂಡಿಬರುವ ಮೊದಲಿನ ಅಂಕಗಳನ್ನಷ್ಟೇ ನೋಡಿದರೆ ಅದು 62ಕ್ಕೆ ಇಳಿಯಿತು. ವೈದ್ಯರು ಬ್ಲಡ್ ಕಲ್ಚರ್ ಬರೆಯುವುದಕ್ಕೂ ಮುಂಚಿನ ಅಂಕಗಳನ್ನಷ್ಟೇ ಉಳಿಸಿಕೊಂಡಾಗ 53. ನಾಣ್ಯಕ್ಕಿಂತ ಕೂದಲೆಳೆಯಷ್ಟು ಮೇಲೆ. ಮಾದರಿ ಅಷ್ಟು ಹೊತ್ತೂ ಓದುತ್ತಿದ್ದದ್ದು ರೋಗಿಯ ಮೈಗಿಂತ ಹೆಚ್ಚಾಗಿ ವೈದ್ಯರ ಮನಸ್ಸನ್ನು. ಡಾಕ್ಟರಿಗೆ ಅನುಮಾನ ಬಂತು, ಪರೀಕ್ಷೆ ಬರೆದರು, ಯಂತ್ರ ಅದನ್ನು ನೋಡಿ ‘ಸೆಪ್ಸಿಸ್ ಇರಬಹುದು’ ಎಂದು ಅದೇ ಡಾಕ್ಟರಿಗೆ ವಾಪಸ್ ಹೇಳಿತು. ನೆರೆಮನೆಯವರಿಗೆ ಅವರದೇ ಸುದ್ದಿ ಮುಟ್ಟಿಸಿದ ಹಾಗೆ.

ಹಾಗಾದರೆ ಕಂಪ್ಯೂಟರ್ ಯಾರ ಅನುಮಾನಕ್ಕೂ ಕಾಯದೆ ತಾನೇ ಕಂಡುಹಿಡಿಯುವಂಥದ್ದು ಏನೂ ಇಲ್ಲವೇ? ಇದೆ, ಮತ್ತು ಅದು ಯಾರೂ ಅಷ್ಟಾಗಿ ಕಣ್ಣು ಹಾಯಿಸದ ಮೂಲೆಯಲ್ಲಿದೆ: ಯಾರು, ಯಾವಾಗ, ಎಲ್ಲಿದ್ದರು. ಯಾವ ಗಂಟೆಗೆ ಯಾವ ಕೋಣೆ, ಯಾವ ಟ್ರಾಲಿ, ಯಾವ ಸ್ಕ್ಯಾನರ್. ಇದನ್ನು ಯಾರೂ ಸೋಂಕು ಹಿಡಿಯಲೆಂದು ಬರೆದಿಟ್ಟದ್ದಲ್ಲ. ಬಿಲ್ಲಿಗೆ, ಹಾಸಿಗೆ ಹಂಚಿಕೆಗೆ ಬೇಕೆಂದು ತನ್ನಷ್ಟಕ್ಕೆ ದಾಖಲಾಗುವ ವಿವರ.

ಕ್ಲೋಸ್ಟ್ರಿಡಿಯೊಯ್ಡಿಸ್ ಡಿಫಿಸೀಲ್ (ಹಿಂದೆ ಕ್ಲೋಸ್ಟ್ರಿಡಿಯಂ ಡಿಫಿಸೀಲ್) ಎಂಬ, ತೀವ್ರ ಭೇದಿ ತರುವ ಬ್ಯಾಕ್ಟೀರಿಯಾದ ಬೀಜಕಣಗಳು ಒಣ ಜಾಗದಲ್ಲೂ ತಿಂಗಳುಗಟ್ಟಲೆ ಬದುಕುತ್ತವೆ. ಆಲ್ಕೋಹಾಲ್ ಸ್ಯಾನಿಟೈಸರಿಗೆ ಅವು ಜಗ್ಗುವುದಿಲ್ಲ. ಸ್ಯಾನ್ ಫ್ರಾನ್ಸಿಸ್ಕೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ 86,000ಕ್ಕೂ ಹೆಚ್ಚು ರೋಗಿಗಳು ಮೂರು ವರ್ಷದಲ್ಲಿ ಜಾಗ ಬದಲಿಸಿದ 4.3 ಲಕ್ಷಕ್ಕೂ ಹೆಚ್ಚು ದಾಖಲೆಗಳನ್ನು ಸಂಶೋಧಕರು ನಕ್ಷೆಯ ಮೇಲೆ ಹರಡಿದರು. ಈ ಸೋಂಕಿದ್ದ ರೋಗಿ ಒಂದು ಜಾಗದಲ್ಲಿ ಇದ್ದು ಹೋದ 24 ಗಂಟೆಯೊಳಗೆ ಅದೇ ಜಾಗಕ್ಕೆ ಬಂದವರಿಗೆ ಮುಂದೆ ಏನಾಯಿತು ಎಂದು ಒಂದೊಂದು ಜಾಗಕ್ಕೂ ಲೆಕ್ಕ ಹಾಕಿದರು. 2017ರಲ್ಲಿ ಬಂದ ಉತ್ತರದಲ್ಲಿ ಒಂದೇ ಒಂದು ಜಾಗ ಎದ್ದು ಕಂಡಿತು: ತುರ್ತು ವಿಭಾಗದ ಸಿಟಿ ಸ್ಕ್ಯಾನರ್. ಅಲ್ಲಿ ಆ ಅವಧಿಯಲ್ಲಿ ಮಲಗಿ ಎದ್ದವರಿಗೆ ಸೋಂಕಿನ ಸಾಧ್ಯತೆ ಎರಡು ಪಟ್ಟಿಗಿಂತ ಹೆಚ್ಚು. ನೋಡಲು ಹೋದರೆ, ಆ ಸ್ಕ್ಯಾನರನ್ನು ಶುಚಿ ಮಾಡುವ ಕ್ರಮ ಆಸ್ಪತ್ರೆಯ ಉಳಿದ ಸ್ಕ್ಯಾನರುಗಳಂತೆ ಇರಲಿಲ್ಲ.

ವಾರ್ಡಿನ ನರ್ಸ್ ಎಷ್ಟೇ ಚುರುಕಾಗಿದ್ದರೂ ಇದನ್ನು ಹಿಡಿಯಲು ಸಾಧ್ಯವೇ? ರೋಗಿ ಹತ್ತು ನಿಮಿಷ ಮಾತ್ರ ಮಲಗಿದ್ದ ಮೇಜು ಅದು. ಭೇದಿ ಶುರುವಾಗುವ ಹೊತ್ತಿಗೆ ಒಬ್ಬರು ಮೂರನೆಯ ಮಹಡಿಯಲ್ಲಿ, ಇನ್ನೊಬ್ಬರು ಏಳನೆಯದರಲ್ಲಿ, ಮತ್ತೊಬ್ಬರು ಮನೆಯಲ್ಲಿ ಇರುತ್ತಾರೆ. ಸೋಂಕು ನಿಯಂತ್ರಣದವರು ಒಂದೇ ವಾರ್ಡಿನಲ್ಲಿ ಎರಡು ಮೂರು ಕೇಸು ಬಂದರೆ ಜಾಗೃತರಾಗುತ್ತಾರೆ. ಚದುರಿದ ಕೇಸುಗಳು ಚದುರಿದಂತೆಯೇ ಉಳಿಯುತ್ತವೆ.

ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದವರು ಇದಕ್ಕೆ ಜೀನೋಮನ್ನೂ ಜೋಡಿಸಿದರು. ರೋಗಿಗಳಿಂದ ಸಿಕ್ಕ ಬ್ಯಾಕ್ಟೀರಿಯಾಗಳ ಡಿಎನ್‌ಎಯನ್ನು ಪೂರ್ತಿ ಓದಿದರೆ ಯಾವ ಯಾವ ರೋಗಿಗಳಲ್ಲಿರುವುದು ಒಂದೇ ಮನೆತನದ್ದು ಎಂದು ಗೊತ್ತಾಗುತ್ತದೆ. ಆದರೆ ಅವರ ನಡುವೆ ಅದು ಹೇಗೆ ದಾಟಿತು ಎಂದು ಡಿಎನ್‌ಎ ಹೇಳುವುದಿಲ್ಲ. ಅದಕ್ಕೆ ಎಲೆಕ್ಟ್ರಾನಿಕ್ ದಾಖಲೆಯನ್ನು ಕೆದಕಿ, ಈ ರೋಗಿಗಳಿಗೆ ಸಮಾನವಾಗಿದ್ದು ಉಳಿದವರಿಗೆ ಇಲ್ಲದಿರುವುದೇನು ಎಂದು ಹುಡುಕಬೇಕು. ವ್ಯಾಂಕೊಮೈಸಿನ್‌ಗೆ ಬಗ್ಗದ ಎಂಟರೊಕಾಕಸ್ ಎಂಬ ಕರುಳಿನ ಬ್ಯಾಕ್ಟೀರಿಯಾದ ಒಂದು ಗುಂಪನ್ನು ಹೀಗೆ ಬೆನ್ನತ್ತಿದಾಗ ದಾರಿ ವಾರ್ಡಿಗೆ ಹೋಗಲಿಲ್ಲ, ಸ್ಕ್ಯಾನ್ ಚಿತ್ರ ನೋಡುತ್ತ ಸೂಜಿ, ಕೊಳವೆ ತೂರಿಸಿ ಚಿಕಿತ್ಸೆ ಮಾಡುವ ಇಂಟರ್‌ವೆನ್ಷನಲ್ ರೇಡಿಯಾಲಜಿ ವಿಭಾಗಕ್ಕೆ ಹೋಯಿತು. ಚಿತ್ರ ಸ್ಪಷ್ಟವಾಗಿ ಕಾಣಲೆಂದು ಅಲ್ಲಿ ಚುಚ್ಚುವ ಕಾಂಟ್ರಾಸ್ಟ್ ದ್ರವವನ್ನು ಸಿದ್ಧಮಾಡುವ ರೀತಿ ನಿಯಮದಂತೆ ಇರಲಿಲ್ಲ. ಅದನ್ನು ಸರಿಪಡಿಸಿದರು. ನನ್ನ ಲೆಕ್ಕದಲ್ಲಿ ಆಸ್ಪತ್ರೆಗಳು ಹಣ ಹಾಕಬೇಕಾದದ್ದು ಇಂಥ ಕಡೆ, ಭವಿಷ್ಯ ಹೇಳುವ ಪೆಟ್ಟಿಗೆಗಳ ಮೇಲಲ್ಲ.

ದಾಖಲೆಯೇ ಹರಿದುಹೋಗಿದ್ದರೆ ಇದಾವುದೂ ನಡೆಯುವುದಿಲ್ಲ ಎಂಬುದು ಬೇರೆ ಮಾತು. ಸೆಂಟ್ರಲ್ ಲೈನ್ ಹಾಕಿದ್ದನ್ನು ಎಲ್ಲರೂ ಬರೆಯುತ್ತಾರೆ, ತೆಗೆದದ್ದನ್ನು ಬರೆಯಲು ಮರೆಯುತ್ತಾರೆ. ಕಂಪ್ಯೂಟರಿನ ಪಾಲಿಗೆ ಆ ರೋಗಿ ಡಿಸ್ಚಾರ್ಜ್ ಆಗುವವರೆಗೆ ಲೈನ್ ಹೊತ್ತೇ ಓಡಾಡುತ್ತಾರೆ. 2 ಗಂಟೆಯ ಜ್ವರವನ್ನು ನರ್ಸ್ ಪಾಳಿ ಮುಗಿಸುವ ಮುನ್ನ 6ಕ್ಕೆ ಕೂತು ಬರೆದರೆ ಔಷಧಿ ಮೊದಲು, ಜ್ವರ ಆಮೇಲೆ ಎಂದಾಗುವುದೂ ಉಂಟು. ಮಂಡಿ ಅಥವಾ ಸೊಂಟದ ಕೀಲು ಬದಲಿಸಿದ ಮೇಲೆ ಗಾಯದ ಆಳದಲ್ಲಿ ಸೋಂಕಾಗಿದೆಯೇ ಎಂದು 90 ದಿನ ನೋಡಬೇಕೆಂಬ ನಿಯಮವಿದೆ, ಆದರೆ ರೋಗಿ ಕೆಲವೇ ದಿನಗಳಲ್ಲಿ ಮನೆಗೆ ಹೋಗಿರುತ್ತಾರೆ. ಕೀವು ಕಂಡಾಗ ಬೇರೆ ಆಸ್ಪತ್ರೆಯ ಬಾಗಿಲು ತಟ್ಟಿದರೆ ಮೊದಲನೆಯ ಆಸ್ಪತ್ರೆಯ ಪುಸ್ತಕದಲ್ಲಿ ಅವರು ಗುಣಮುಖ. ಡೆನ್ಮಾರ್ಕ್ 2015ರಲ್ಲಿ ‘ಹೈಬಾ’ ಎಂಬ ರಾಷ್ಟ್ರೀಯ ವ್ಯವಸ್ಥೆ ಶುರುಮಾಡಿ ಇದನ್ನು ಬಗೆಹರಿಸಿಕೊಂಡಿತು, ಏಕೆಂದರೆ ಅಲ್ಲಿ ಪ್ರತಿಯೊಬ್ಬರಿಗೂ ಒಂದು ನಾಗರಿಕ ಸಂಖ್ಯೆ ಇದ್ದು ಯಾವ ಆಸ್ಪತ್ರೆಗೆ ಹೋದರೂ ದಾಖಲೆ ಕೂಡಿಕೊಳ್ಳುತ್ತದೆ. ನೆದರ್ಲೆಂಡ್ಸ್‌ನಲ್ಲಿ ನಡುದಾರಿ ಹಿಡಿದಿದ್ದಾರೆ: ಮರುದಾಖಲು, ಮರುಶಸ್ತ್ರಚಿಕಿತ್ಸೆ, ಕಲ್ಚರ್, ಆಂಟಿಬಯೋಟಿಕ್ ಇವುಗಳ ಗುರುತು ಕಂಡ ಕಡತಗಳನ್ನು ಮಾತ್ರ ಕಂಪ್ಯೂಟರ್ ಆರಿಸಿಕೊಡುತ್ತದೆ, ಕೊನೆಯ ತೀರ್ಮಾನ ಮನುಷ್ಯರದು. ಬಹುಪಾಲು ಕಡತಗಳನ್ನು ತೆರೆಯಬೇಕಾಗಿಯೇ ಬರುವುದಿಲ್ಲ.

ಇನ್ನು ಹಣದ ವಿಷಯ. ಅಮೆರಿಕದ ಸರಕಾರಿ ವಿಮೆ ಮೆಡಿಕೇರ್, 2014ರ ಅಕ್ಟೋಬರಿನಿಂದ, ಇಂಥ ಸೋಂಕು ಮತ್ತಿತರ ಅವಘಡಗಳ ಲೆಕ್ಕದಲ್ಲಿ ಅತಿ ಕೆಟ್ಟ ಕಾಲು ಭಾಗಕ್ಕೆ ಬಿದ್ದ ಆಸ್ಪತ್ರೆಗಳಿಗೆ ಪಾವತಿಯಲ್ಲಿ 1 ಶೇಕಡಾ ಕಡಿತ ಮಾಡುತ್ತದೆ. ಎಣಿಕೆಗೆ ದಂಡ ಕಟ್ಟಿದ ಕ್ಷಣದಿಂದ ಅಳತೆಗೋಲಿನ ಒಂದೊಂದು ಗೀಟಿಗೂ ಬೆಲೆ ಬರುತ್ತದೆ. ಮೂತ್ರದ ಕ್ಯಾತಿಟರ್‌ನಿಂದ ಆಗುವ ಸೋಂಕಿನ ವ್ಯಾಖ್ಯಾನದಿಂದ 2015ರ ಜನವರಿಯಲ್ಲಿ ಸಿಡಿಸಿಯವರು ಯೀಸ್ಟನ್ನು ಕೈಬಿಟ್ಟರು; ಅದಕ್ಕೆ ವೈದ್ಯಕೀಯ ಕಾರಣವೂ ಇತ್ತು. ಐಸಿಯುಗಳ ಸೋಂಕಿನ ದರ ಧಿಡೀರನೆ ಇಳಿಯಿತು, ಆ ರಾತ್ರಿ ಒಬ್ಬ ರೋಗಿಗೂ ಮೈ ಹಗುರಾಗದೆ. ವೆಂಟಿಲೇಟರಿನ ಕತೆಯೂ ಇದರ ಸೋದರಸಂಬಂಧಿ. ಎಕ್ಸ್-ರೇ ನೋಡಿ ‘ನ್ಯುಮೋನಿಯಾ’ ಎನ್ನುವುದರಲ್ಲಿ ಇಬ್ಬರು ಡಾಕ್ಟರು ಒಪ್ಪುವುದೇ ಕಷ್ಟ ಎಂದು 2013ರಲ್ಲಿ ಯಂತ್ರದ ಅಂಕಿಗಳಿಗೇ ಬಂದರು: ಎರಡು ದಿನ ಸ್ಥಿರವಾಗಿದ್ದ ರೋಗಿಗೆ ಆಮೇಲೆ ಎರಡು ದಿನ ಆಮ್ಲಜನಕವನ್ನು ಶೇಕಡಾ ಲೆಕ್ಕದಲ್ಲಿ 20 ಅಂಶ ಅಥವಾ ವೆಂಟಿಲೇಟರಿನ ಒತ್ತಡವನ್ನು (ಅದನ್ನು ನೀರಿನ ಸೆಂಟಿಮೀಟರಿನಲ್ಲಿ ಅಳೆಯುತ್ತಾರೆ) 3 ಸೆಂಟಿಮೀಟರ್ ಹೆಚ್ಚಿಸಬೇಕಾಗಿ ಬಂದರೆ ಅದು ಒಂದು ‘ಘಟನೆ’. ಕಂಪ್ಯೂಟರ್ ತಾನೇ ಎಣಿಸಬಲ್ಲದು. ಆದರೆ ಶ್ವಾಸಕೋಶದಲ್ಲಿ ನೀರು ತುಂಬಿದರೂ ಇದೇ ಘಟನೆ, ಮತ್ತು ಒತ್ತಡವನ್ನು 3ರ ಬದಲು 2 ಏರಿಸಿದರೆ ಏನೂ ಘಟಿಸಿಲ್ಲ.

ಈ ತಗಾದೆಗಳಿಂದ ಬೇಸತ್ತು ಸಿಡಿಸಿ ಈಗ ಇನ್ನೂ ಸರಳವಾದ ಅಳತೆಯೊಂದನ್ನು ಸಿದ್ಧಪಡಿಸಿದೆ. ದಾಖಲಾದ 4ನೇ ದಿನ ಅಥವಾ ಆಮೇಲೆ ತೆಗೆದ ರಕ್ತದಲ್ಲಿ ರೋಗಕಾರಕ ಬ್ಯಾಕ್ಟೀರಿಯಾ ಅಥವಾ ಶಿಲೀಂಧ್ರ ಬೆಳೆದರೆ ಸಾಕು, ಲೈನ್‌ನಿಂದಲೋ ಬೇರೆಲ್ಲಿಂದಲೋ ಎಂಬ ಚರ್ಚೆಯೇ ಬೇಡ. ಆ ‘ಎಂದಾದರೆ’ಯನ್ನು ಒಂದೇ ಏಟಿಗೆ ಕಿತ್ತುಹಾಕಿದ ಹಾಗಾಯಿತು. ನನಗೆ ಇದು ಹಿಡಿಸಿದೆ. ಆದರೆ ಈ ಅಳತೆ ಪೂರ್ತಿ ನಿಂತಿರುವುದು ಕಲ್ಚರ್ ಬಾಟಲಿಯ ಮೇಲೆ. ಜ್ವರ ಬಂದಾಗಲೆಲ್ಲ ರಕ್ತ ಕಳಿಸುವ ಆಸ್ಪತ್ರೆಗೆ ಸೋಂಕು ಹೆಚ್ಚು ಸಿಗುತ್ತದೆ, ಪ್ಯಾರಾಸಿಟಮಾಲ್ ಕೊಟ್ಟು ಬೆಳಗಾಗುವವರೆಗೆ ಕಾಯುವ ಆಸ್ಪತ್ರೆಗೆ ಕಡಿಮೆ.

2024ರ ಜುಲೈನಲ್ಲಿ ಅಮೆರಿಕದಲ್ಲಿ ಆ ಬಾಟಲಿಗಳಿಗೇ ಕೊರತೆ ಬಂತು. ದೊಡ್ಡ ತಯಾರಕರೊಬ್ಬರಿಗೆ ಪ್ಲಾಸ್ಟಿಕ್ ಬಾಟಲಿ ಪೂರೈಕೆಯಲ್ಲಿ ತೊಂದರೆಯಾಗಿ, ನಿಜಕ್ಕೂ ಬೇಕಾದವರಿಗೆ ಮಾತ್ರ ಕಲ್ಚರ್ ಮಾಡಿ ಎಂದು ಸಿಡಿಸಿ ಆಸ್ಪತ್ರೆಗಳಿಗೆ ಸೂಚಿಸಬೇಕಾಯಿತು. ನಮ್ಮ ಕಲ್ಪಿತ ರೋಗಿಗೆ 38.6 ಜ್ವರ ಬಂದದ್ದು ಅಂಥ ತಿಂಗಳ ರಾತ್ರಿ 2:10ಕ್ಕೆ ಎಂದುಕೊಳ್ಳಿ. 2:35ರ ಸಾಲು ಅವರ ದಾಖಲೆಯಲ್ಲಿ ಇರದೇಹೋಗಬಹುದಿತ್ತು. ಆ ತಿಂಗಳುಗಳ ಅಂಕಿಅಂಶ ಓದುವವರು ಪಕ್ಕದಲ್ಲಿ ಇನ್ನೊಂದು ಕಾಲಂ ಇಟ್ಟುಕೊಳ್ಳಬೇಕು: ಪ್ರತಿ 1,000 ರೋಗಿದಿನಗಳಿಗೆ ಎಷ್ಟು ಬಾಟಲಿ ಬಳಸಿದರು ಎಂದು.